ಬೋರ್ಡ್ ಮೇಲೆ 45 ಡಿಗ್ರಿ 37 ಆದ ದಿನ

ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಸೀಮೆಸುಣ್ಣ ಮುಟ್ಟಿದರೆ ನಮ್ಮ ಕೋಆರ್ಡಿನೇಟರ್ ಮುಖ ಸಿಂಡರಿಸುತ್ತಾರೆ. ಹಾಗಾಗಿ ಹಿಂದೆ ಕೂತು ಪಾಠ ನೋಡಿ ರಿಪೋರ್ಟ್ ಬರೆಯುವ ಅಬ್ಸರ್ವೇಷನ್ ಇದ್ದ ದಿನ ಕೋನಗಳ ಪಾಠವನ್ನೂ ಸ್ಲೈಡ್‌ನಲ್ಲೇ ಮಾಡಿದೆ. ಮಕ್ಕಳಿಗೆ ಖುಷಿಯಾಗಲಿ ಅಂತ ಬಿಲಿಯರ್ಡ್ಸ್ ಆರಿಸಿಕೊಂಡಿದ್ದೆ. ಅಗಲದ ಎರಡರಷ್ಟು ಉದ್ದ ಇರುವ, ಪಾಕೆಟ್ ಇಲ್ಲದ ಟೇಬಲ್. ಒಂದು ಮೂಲೆಯಿಂದ 45 ಡಿಗ್ರಿಯಲ್ಲಿ ಹೊಡೆದರೆ ಚೆಂಡು ಎದುರಿನ ಉದ್ದ ಕುಶನ್‌ನ (ಟೇಬಲ್ ಅಂಚಿನ) ನಟ್ಟನಡುವೆ ತಾಗಬೇಕು. ಅಷ್ಟೇ ಕೋನದಲ್ಲಿ ಸಿಡಿದು ಈಚೆಯ ಇನ್ನೊಂದು ಮೂಲೆಗೆ ಬರಬೇಕು. ಸ್ನೂಕರ್ ಟೇಬಲ್ ಆಗಿದ್ದರೆ ನಡುವಿನ ಪಾಕೆಟ್‌ಗೆ ಬಿದ್ದು ಕಥೆ ಅಲ್ಲೇ ಮುಗಿಯುತ್ತಿತ್ತು ಬಿಡಿ.

ಚೆಂಡು ಹೊರಟ ಕೋನವನ್ನು ಒಂದು ಗುಂಪು ವರ್ಕ್‌ಶೀಟ್‌ನಲ್ಲಿ ಅಳೆಯಿತು. ಇನ್ನೊಂದು ಗುಂಪು ಮರದ ದೊಡ್ಡ ಕೋನಮಾಪಕ ಹಿಡಿದು ಬೋರ್ಡ್ ಮೇಲೆ. ಶೀಟ್‌ನವರು 45 ಅಂದರು. ಬೋರ್ಡ್‌ನವರು 37 ಅಂದರು.

"ಸರಿಯಾಗಿ ಇಡ್ರೋ, ಸೊನ್ನೆ ಗೆರೆ ಕುಶನ್ ಮೇಲೆ ಬರಲಿ" ಅಂದೆ. ಮತ್ತೆ 37. ಹಿಂದಿನ ಬೆಂಚಿನಲ್ಲಿ ಪೆನ್ ಓಡತೊಡಗಿತು. ನಾನೇ ಹೋಗಿ ಟೇಬಲ್‌ನ ಮೂಲೆ ಅಳೆದೆ. 90, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸಿಡಿದ ಕೋನ ಅಳೆದೆ. ಅದೂ 37, ಅಂದರೆ ಬಂದ ಕೋನಕ್ಕೆ ಸಮ. ಚೆಂಡು ಸೇರಿದ್ದೂ ಸರಿಯಾದ ಮೂಲೆಗೇ. ಇಷ್ಟೆಲ್ಲ ಸರಿ ಇದೆ ಅಂದಮೇಲೆ ಬೋರ್ಡ್‌ನಲ್ಲಿ ತೊಂದರೆ ಇಲ್ಲ, ನಾನೇ ಗೆರೆ ತಪ್ಪಾಗಿ ಎಳೆದಿದ್ದೇನೆ ಅಂತ ತೀರ್ಮಾನಿಸಿದೆ. ಎಲ್ಲರೆದುರೇ ಸ್ಲೈಡ್ ತಿದ್ದಲು ಕೂತೆ. ಫೈಲ್ ಮಾತ್ರ 45 ಅಂತಲೇ ಹೇಳುತ್ತಿತ್ತು.

ಅಷ್ಟರಲ್ಲಿ ಒಬ್ಬಳು ನಡುವಿನ ಕೋನವನ್ನೂ ಅಳೆದಳು. "ಸರ್, ಇದು 106. ಮೂರೂ ಕೂಡಿಸಿದ್ರೆ 180. ತ್ರಿಭುಜಾನೂ ಸರಿ ಇದೆ." ಸಹಾಯ ಮಾಡುತ್ತಿದ್ದಾಳೋ ಕಾಲೆಳೆಯುತ್ತಿದ್ದಾಳೋ ಗೊತ್ತಾಗಲಿಲ್ಲ. ಶೀಟ್ ಗುಂಪಿನ ಒಬ್ಬ ಕೊನೆಗೆ ಕೇಳಿದ: "ಸರ್, ಬೋರ್ಡ್‌ನಲ್ಲಿ ಟೇಬಲ್ ಜಾಸ್ತಿ ಉದ್ದ ಇದೆ ಅಲ್ವಾ?"

ಇತ್ತು. ಅಗಲ, ಎತ್ತರದ ಅನುಪಾತ ಸ್ಲೈಡ್‌ನದು 4:3, ಬೋರ್ಡ್‌ನದು 16:9. ಯಾರೋ ರಿಮೋಟ್‌ನಲ್ಲಿ ಸ್ಟ್ರೆಚ್ ಒತ್ತಿ ಹೋಗಿದ್ದರು. ಚಿತ್ರ ಅಡ್ಡಕ್ಕೆ ಮೂರನೇ ಒಂದು ಪಾಲು ಹಿಗ್ಗಿತ್ತು, ಎತ್ತರ ಹಾಗೇ ಇತ್ತು. ಹೀಗೆ ಹಿಗ್ಗಿದಾಗ ಅಡ್ಡ ಗೆರೆ ಅಡ್ಡವಾಗಿಯೇ, ನಿಂತ ಗೆರೆ ನೆಟ್ಟಗೇ ಉಳಿಯುತ್ತದೆ. ಅದಕ್ಕೇ ಮೂಲೆ 90. ಎರಡು ಓರೆ ಗೆರೆಗಳೂ ಒಂದೇ ಅಳತೆಯಲ್ಲಿ ವಾಲುತ್ತವೆ. ಅದಕ್ಕೇ ಬಂದ ಕೋನ, ಹೋದ ಕೋನ ಸಮ. ನಾನು ಮಾಡಿದ ಒಂದು ಪರೀಕ್ಷೆಯೂ ಈ ತಪ್ಪನ್ನು ಹಿಡಿಯುವಂಥದ್ದೇ ಅಲ್ಲ. ಸುಮ್ನೆ ಉದ್ದ, ಅಗಲ ಅಳೆದಿದ್ದರೆ ಸಾಕಿತ್ತು. ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿದ್ದ ಶೀಟ್ ಎರಡೂ ಕಡೆ ಒಂದೇ ಲೆಕ್ಕದಲ್ಲಿ ಬೆಳೆದಿತ್ತು, ಅದರ ಕೋನ ಕದಲಿರಲಿಲ್ಲ.

ರಿಪೋರ್ಟ್‌ನಲ್ಲಿ 'ತಂತ್ರಜ್ಞಾನದ ಬಳಕೆ ಉತ್ತಮ, ಸಮಯ ಪಾಲನೆ ಸಾಲದು' ಅಂತ ಬಂತು. ಬೋರ್ಡ್ ಬಗ್ಗೆ ಹಾಕಿದ ದೂರಿನ ಟಿಕೆಟ್ ಇನ್ನೂ ಓಪನ್. ಪ್ರತಿ ಸಲ ಆನ್ ಮಾಡಿದಾಗಲೂ ಅದು ಸ್ಟ್ರೆಚ್‌ಗೇ ವಾಪಸ್ ಹೋಗುತ್ತದೆ. ಈಗ ನನ್ನ ಮೊದಲ ಸ್ಲೈಡ್‌ನಲ್ಲಿ ಬರೀ ಒಂದು ವೃತ್ತ ಇರುತ್ತದೆ. ಅದು ಮೊಟ್ಟೆಯಂತೆ ಕಂಡರೆ ರಿಮೋಟ್ ತರಿಸಬೇಕು. ರಿಮೋಟ್ ಇರುವುದು ಕೋಆರ್ಡಿನೇಟರ್ ಡ್ರಾಯರ್‌ನಲ್ಲಿ, ಬೀಗ ಹಾಕಿ.