ಮೊಬೈಲಲ್ಲಿ ಕಾಣುವ ಮಳೆಯನ್ನು ಮರದಲ್ಲಿ ಕತ್ತರಿಸುವುದು ಎಂತಕ್ಕೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಂಗಳದಲ್ಲಿ ಒಂದು ಮಳೆಮಾಪಕ ಇದೆ. ಅದರ ಲೆಕ್ಕ ನೇರ ಕಂಪ್ಯೂಟರಿಗೆ ಬರುತ್ತದೆ. ಆ ಲೆಕ್ಕದಂತೆ ಲೇಸರ್ ಕಟ್ಟರ್ ಪ್ಲೈವುಡ್ಡಿನಲ್ಲಿ ದಿನಕ್ಕೊಂದು ಪಟ್ಟಿ ಕತ್ತರಿಸುತ್ತದೆ. ಒಂದು ಹಲಗೆಯಲ್ಲಿ ದಿನಕ್ಕೊಂದು ಸೀಳು, ಆ ಸೀಳಿನಲ್ಲಿ ಆ ದಿನದ ಪಟ್ಟಿ ನಿಲ್ಲುತ್ತದೆ. ನೋಡಿದವರೆಲ್ಲ ಕೇಳುವುದು ಒಂದೇ: "ಇದು ಎಂತಕ್ಕೆ? ಮೊಬೈಲಲ್ಲೇ ಕಾಣುತ್ತದಲ್ಲ?"

ಕಾಣುತ್ತದೆ, ಆದರೆ ನೀವು ನೋಡುವುದಿಲ್ಲ. ಮೊನ್ನೆ ಎಷ್ಟು ಮಳೆ ಬಂತು, ಈಗ ಹೇಳಿ ನೋಡುವ.

ಮಾಪಕದೊಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬಟ್ಟಲುಗಳಿವೆ. 0.2 ಮಿ.ಮೀ. ಮಳೆಗೆ ಒಂದು ತುಂಬಿ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಮಗುಚಿದಾಗಲೆಲ್ಲ ಅಯಸ್ಕಾಂತ ಸ್ವಿಚ್ಚಿನ ಎದುರು ಹಾದು ಒಂದು ಎಣಿಕೆ ಬೀಳುತ್ತದೆ. ಹವಾಮಾನ ಇಲಾಖೆಯ ಹಾಗೆ ನಾನೂ ಬೆಳಿಗ್ಗೆ 8.30ಕ್ಕೆ ದಿನದ ಲೆಕ್ಕ ಮುಗಿಸುತ್ತೇನೆ. 1 ಮಿ.ಮೀ. ಮಳೆಗೆ 1 ಮಿ.ಮೀ. ಮರ. ಅಳತೆ ಕುಗ್ಗಿಸುವುದೇ ಇಲ್ಲ. ಒಂದು ದಿನದಲ್ಲಿ 204.4 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಕೈಯಿಟ್ಟು ನೋಡಿ, ಹೆಚ್ಚುಕಡಿಮೆ ಒಂದು ಗೇಣು. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. ಅಷ್ಟೂ ಪಟ್ಟಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಕೋಣೆಯ ಮಾಡಿಗೆ ತಾಗುತ್ತದೆ.

ಪಕ್ಕದ ತೋಟದ ಮಾವ ಒಮ್ಮೆ ಬಂದಿದ್ದರು. ಎಂತಕ್ಕೆ ಅಂತ ಕೇಳಲೇ ಇಲ್ಲ. ಪಟ್ಟಿಗಳ ತಲೆಯ ಮೇಲೆ ಬೆರಳು ಎಳೆಯುತ್ತಾ ಹೋದರು. ಬೆರಳು ತಗ್ಗಿಗೆ ಇಳಿದಲ್ಲಿ ನಿಲ್ಲಿಸಿ, "ಇಲ್ಲಿ ಹೊಳವಾಗಿತ್ತಲ್ಲ, ಅಡಿಕೆಗೆ ಮದ್ದು ಬಿಡಬಹುದಿತ್ತು" ಎಂದರು. ಮಳೆ ಬಿಡದೆ ಹೊಡೆದರೆ ಕೊಳೆರೋಗ ಹಬ್ಬುತ್ತದೆ, ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ಮದ್ದು ಸಿಂಪಡಿಸಲು ಬಿಡುವೂ ಸಿಗುವುದಿಲ್ಲ. ಅವರ ಬೆರಳು ಹುಡುಕಿದ್ದು ಆ ಬಿಡುವನ್ನು.

ಆಮೇಲೆ ಒಂದು ಖಾಲಿ ಸೀಳಿನ ಹತ್ತಿರ ಕೇಳಿದರು, "ಇಲ್ಲಿ ಪಟ್ಟಿಯೇ ಇಲ್ಲ. ಮಳೆ ಬರಲಿಲ್ವಾ?"

ಇದು ಪ್ರಶ್ನೆ! ಎಲ್ಲರೂ ಇದನ್ನೇ ಕೇಳಬಾರದಾ?

ಮಳೆ ಬಾರದ ದಿನಕ್ಕೂ ಪಟ್ಟಿ ಇದೆ, ಹಲಗೆಯ ಮಟ್ಟಕ್ಕೆ ನಿಲ್ಲುತ್ತದೆ. ಖಾಲಿ ಸೀಳು ಅಂದರೆ ಅಳೆಯದ ದಿನ. ಸಿಡಿಲಿಗೆ ಕರೆಂಟು ಹೋಗಿರುತ್ತದೆ, ಮಳೆ ಮಾತ್ರ ಧೋ ಎಂದು ಸುರಿದಿರುತ್ತದೆ. ಎಷ್ಟೋ ಗ್ರಾಫುಗಳಲ್ಲಿ ಇಂಥ ದಿನವನ್ನು ಸೊನ್ನೆ ಮಾಡಿರುತ್ತಾರೆ. ಇಲ್ಲದಿದ್ದರೆ ಆಚೀಚೆಯ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿರುತ್ತಾರೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ.

"ಅಂದಾಜಿಗೆ ಒಂದು ಪಟ್ಟಿ ಹಾಕಿಬಿಡು, ಚಂದ ಕಾಣ್ತದೆ" ಎನ್ನುವವರಿದ್ದಾರೆ. ಹಾಕುವುದಿಲ್ಲ. ಮಾವ ತಮ್ಮ ಡೈರಿಯಲ್ಲಿ ಆ ದಿನದ ಮಳೆ ಬರೆದಿಟ್ಟಿದ್ದರು. ಅದನ್ನೂ ಆ ಸೀಳಿಗೆ ತುರುಕಲಿಲ್ಲ. ಅದು ಅವರ ತೋಟದ ಮಳೆ. ಅದಕ್ಕೆ ಬೇರೆ ಹಲಗೆ ಶುರುಮಾಡಿದ್ದೇನೆ, ಹಲಸಿನ ಮರದ್ದು.