ದೆಜ್ಮಾನ್ ಪುಸ್ತಕ: ಐದನೇ ತಿಂಗಳು

ಎರಡು ಅಧ್ಯಾಯ ಮುಗಿದಿವೆ. ಮೂರನೆಯದು ಅರ್ಧಕ್ಕೆ ನಿಂತಿದೆ.

ಇವತ್ತೇ ಮೊದಲ ಸಲ ಓದುತ್ತಿರುವವರಿಗೆ ಎರಡು ಮಾತು. ಮಿಲಿವೊಯ್ ದೆಜ್ಮಾನ್ ಕ್ರೊಯೇಷಿಯದ ರಾಜಧಾನಿ ಝಾಗ್ರೆಬ್‌ನ ಡಾಕ್ಟರ್. 1873ರಲ್ಲಿ ಹುಟ್ಟಿ 1940ರಲ್ಲಿ ತೀರಿಕೊಂಡರು. 'ಇವಾನೊವ್' ಅನ್ನೋ ಹೆಸರಿನಲ್ಲಿ ಬರೆಯುತ್ತಿದ್ದರು. ಆ ಕಾಲದ ಕ್ರೊಯೇಷಿಯನ್ ಸಾಹಿತ್ಯ ವಿಮರ್ಶೆ ಅಂದರೆ ಅದೇ 1873ರಲ್ಲಿ ಹುಟ್ಟಿದ ಮಾತೋಶ್ ಹೆಸರೇ ಎಲ್ಲರ ಬಾಯಲ್ಲಿ. ದೆಜ್ಮಾನ್ ಹೆಸರು ಕೇಳಿದ್ದರೂ ಒಂದು ಪ್ರೇಮಕಥೆಯಿಂದ ಕೇಳಿರುತ್ತಾರೆ. ವಿಮರ್ಶಕ ದೆಜ್ಮಾನ್ ಬಗ್ಗೆ ಕನ್ನಡದಲ್ಲಿ ಅರವತ್ತು ಪುಟವಾದರೂ ಇರಲಿ ಎಂಬುದು ನನ್ನ ಆಸೆ.

ಮೊದಲ ಅಧ್ಯಾಯವನ್ನು ಮೂರು ಸಲ ತಿದ್ದಿದೆ. ಕಥೆ ಶುರುವಾಗುವುದು 1895ರ ಅಕ್ಟೋಬರ್ 16ರಂದು. ಆಗ ಕ್ರೊಯೇಷಿಯವನ್ನೂ ಆಳುತ್ತಿದ್ದ ಆಸ್ಟ್ರಿಯಾ-ಹಂಗೆರಿಯ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಝಾಗ್ರೆಬ್‌ಗೆ ಬಂದಿದ್ದಾಗ ವಿದ್ಯಾರ್ಥಿಗಳು ಚೌಕದಲ್ಲಿ ಹಂಗೆರಿಯ ಬಾವುಟ ಸುಟ್ಟರು. ಜೈಲಾಯಿತು, ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿದರು. ಕೆಲವರು ಪ್ರಾಗ್‌ಗೆ ಹೋದರು, ಕೆಲವರು ವಿಯೆನ್ನಾಗೆ. ಮುಂದೆ ಸಾಹಿತ್ಯದಲ್ಲಿ ಎದ್ದ ವಾದವನ್ನು ಮೊದಲು ನಾನು ಹಿರಿಯ ಬರಹಗಾರರಿಗೂ ಕಿರಿಯರಿಗೂ ನಡೆದ ಜಗಳ ಎಂದು ಬರೆದಿದ್ದೆ. ಅದು ತಪ್ಪು. ಕಿರಿಯರಲ್ಲೇ ಎರಡು ದಾರಿ ಇದ್ದವು. ಪ್ರಾಗ್‌ನವರಿಗೆ ಸಮಾಜ, ರಾಜಕೀಯ ಮೊದಲು. ವಿಯೆನ್ನಾದವರಿಗೆ ಕಲೆಯ ಸ್ವಾತಂತ್ರ್ಯ ಮೊದಲು. ದೆಜ್ಮಾನ್ ನಿಂತದ್ದು ಈ ಎರಡನೆಯವರ ಜೊತೆ.

ಒಂದು ಪದ ತುಂಬಾ ಕಾಡಿತು. ಸಾಹಿತ್ಯ, ಕಲೆಗಳಲ್ಲಿ ಹೊಸತನ ಬಂದ ಈ ಕಾಲವನ್ನು ಅಲ್ಲಿನವರು 'ಮೊದೆರ್ನಾ' ಅನ್ನುತ್ತಾರೆ. 'ನವ್ಯ' ಎಂದು ಬರೆದೆ, ಹೊಡೆದು ಹಾಕಿದೆ. ನವ್ಯ ಅಂದ ಕೂಡಲೇ ನಮಗೆ ಅಡಿಗರು ಕಾಣುತ್ತಾರೆ, ಅಲ್ವಾ? ಇದು ಅದಕ್ಕಿಂತ ಅರ್ಧ ಶತಮಾನ ಹಿಂದಿನ ಮಾತು. 'ನವೋದಯ' ಅಂದರೂ ಸರಿಹೋಗುವುದಿಲ್ಲ. ಕೊನೆಗೆ ಮೊದೆರ್ನಾ ಎಂದೇ ಉಳಿಸಿಕೊಂಡೆ. ಮನಸ್ಸು ಹಗುರವಾಯಿತು.

ಎರಡನೇ ಅಧ್ಯಾಯ ನನಗೆ ಎಲ್ಲಕ್ಕಿಂತ ಇಷ್ಟ. 1896ರಲ್ಲಿ ಬುಡಾಪೆಸ್ಟ್‌ನ ದೊಡ್ಡ ಪ್ರದರ್ಶನಕ್ಕೆಂದು ಕ್ರೊಯೇಷಿಯದವರು ಒಂದು ಮಂಟಪ ಕಟ್ಟಿಸಿದ್ದರು. ಅದರ ಕಬ್ಬಿಣದ ಚೌಕಟ್ಟು ಬಿಚ್ಚಿ ಝಾಗ್ರೆಬ್‌ಗೆ ತಂದರು. ಹಾಗೆ ತರಬೇಕೆಂದು ಪಟ್ಟು ಹಿಡಿದವರಲ್ಲಿ ಚಿತ್ರಕಾರ ವ್ಲಾಹೊ ಬುಕೊವಾತ್ಸ್ ಮುಖ್ಯರು. 1898ರ ಡಿಸೆಂಬರ್‌ನಲ್ಲಿ ಆ ಕಟ್ಟಡದ ಬಾಗಿಲು ತೆರೆದದ್ದೇ 'ಕ್ರೊಯೇಷಿಯನ್ ಸಲೋನ್' ಎಂಬ ಚಿತ್ರಪ್ರದರ್ಶನದಿಂದ. ಅದರ ಜೊತೆಗೆ ಬಂದ ಪ್ರಕಟಣೆಯಲ್ಲಿ ಇವಾನೊವ್ ಅವರ ಲೇಖನವಿದೆ. ಹೆಸರು 'ನಮ್ಮ ಹಂಬಲಗಳು'. ಕಲೆಗಾರನಿಗೆ ತನ್ನ ದಾರಿ ತಾನೇ ಹುಡುಕಿಕೊಳ್ಳುವ ಹಕ್ಕಿದೆ, ಅವನನ್ನು ಸಿದ್ಧ ನಿಯಮಗಳಿಗೆ ಕಟ್ಟಿಹಾಕಬಾರದು ಎಂಬುದು ಅದರ ತಿರುಳು. ಬರೆದಾಗ ದೆಜ್ಮಾನ್‌ಗೆ ಇಪ್ಪತ್ತೈದು ವರ್ಷ.

ಇಲ್ಲಿ ನಾನು ತುಂಬಾ ದಿನ ನಿಂತೆ. ವಿಮರ್ಶಕ ಅಂದರೆ ಪುಸ್ತಕ ಬಂದ ಮೇಲೆ ಮಾತಾಡುವವನು ಎಂದುಕೊಂಡಿದ್ದೆ. ದೆಜ್ಮಾನ್ ಪುಸ್ತಕಗಳು ಬರುವ ಮುಂಚೆಯೇ ಅವುಗಳಿಗೆ ಜಾಗ ಮಾಡುತ್ತಿದ್ದರು, ಅದೂ ಚಿತ್ರಕಾರರ ಪಕ್ಕದಲ್ಲಿ ನಿಂತು. ಎರಡೇ ವರ್ಷದಲ್ಲಿ, 1900ರಲ್ಲಿ, 'ಜಿವೊತ್' ಪತ್ರಿಕೆ ತಂದರು. ಹಾಗಂದರೆ ಬದುಕು. ಅದು 1901ರಲ್ಲೇ ನಿಂತಿತು. ಇಂಥ ಕೆಲಸಕ್ಕೆ ಗ್ರಂಥಾಲಯದ ಕಪಾಟಿನಲ್ಲಿ ಲೇಖಕನ ಹೆಸರು ಉಳಿಯುವುದಿಲ್ಲ. ಅವರನ್ನು ಮರೆತದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ.

ಈಗ ಮೂರನೆಯದು. ಝಾಗ್ರೆಬ್ ಪಕ್ಕದ ಬೆಟ್ಟದ ಮೇಲೆ ಬ್ರೆಸ್ಟೊವಾತ್ಸ್ ಎಂಬಲ್ಲಿ 1909ರಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಶುರುವಾಯಿತು. ಅದರ ಹಿಂದೆ ಇದ್ದವರೂ ಇದೇ ಡಾಕ್ಟರ್. ಅವರು ಪ್ರೀತಿಸಿದ ನಟಿ ಲ್ಯೆರ್ಕಾ ಶ್ರಾಮ್ ಕ್ಷಯದಿಂದಲೇ 1913ರಲ್ಲಿ ತೀರಿಕೊಂಡರು. ಆಸ್ಪತ್ರೆಯನ್ನು ಅವಳಿಗಾಗಿಯೇ ಕಟ್ಟಿಸಿದರು ಎಂದು ಜನ ಹೇಳುತ್ತಾರೆ. 1968ರಲ್ಲಿ ಅದು ಮುಚ್ಚಿತು, ಈಗ ಕಾಡಿನ ನಡುವೆ ಪಾಳುಗೋಡೆಗಳಿವೆ.

ನಾನು ಬರೆದ ಹನ್ನೊಂದು ಪುಟದಲ್ಲಿ ಒಂಬತ್ತು ಬರೀ ಈ ಪ್ರೇಮಕಥೆಯೇ ಆಗಿತ್ತು. ನಾನೂ ಎಲ್ಲರ ಹಾಗೆ ಅದರ ಹಿಂದೆ ಹೋಗಿಬಿಟ್ಟೆ. ನಿನ್ನೆ ರಾತ್ರಿ ಏಳು ಪುಟ ತೆಗೆದೆ. ಲ್ಯೆರ್ಕಾ ಬರಲಿ, ಆದರೆ ರೋಗಿಯಾಗಿ ಮಾತ್ರ ಅಲ್ಲ, ಝಾಗ್ರೆಬ್ ರಂಗದ ನಟಿಯಾಗಿ ಬರಲಿ. ಮುಂದಿನ ವಾರ ಅಲ್ಲಿಂದಲೇ ಶುರು ಮಾಡುತ್ತೇನೆ.