ಏಕಾದಶಿಯ ದಿನ ಅಮ್ಮನ ಶುಗರ್

ಉಪವಾಸ ಮಾಡಿದರೆ ಶುಗರ್ ತಾನಾಗೇ ಇಳಿಯುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ನಂಬಿಕೆ. ಅಮ್ಮನಿಗೆ ಟೈಪ್ 2 ಡಯಾಬಿಟಿಸ್. ಬೆಳಗ್ಗೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಮಾತ್ರೆ. ಏಕಾದಶಿ ಮಾತ್ರ ಬಿಟ್ಟವರಲ್ಲ. ಅವತ್ತು ಅನ್ನ ಮುಟ್ಟಲ್ಲ, ಸಂಜೆ ಪೂಜೆ ಆದಮೇಲೆ ಫಲಾಹಾರ.

ಆಷಾಢದ ಏಕಾದಶಿ ದಿನ ಎಂದಿನಂತೆ ಸಕ್ಕರೆ ಇಲ್ಲದ ಕಾಫಿ ಕುಡಿದು ಮಾತ್ರೆ ನುಂಗಿದರು. ಹನ್ನೊಂದೂವರೆ ಹೊತ್ತಿಗೆ ಹೂ ಕಟ್ಟುತ್ತಾ ಕೂತಿದ್ದವರ ಕೈ ನಡುಗತೊಡಗಿತು. ಗಂಟು ಬೀಳುವ ಮೊದಲೇ ದಾರ ಜಾರುತ್ತಿತ್ತು. ಹಣೆ, ಕುತ್ತಿಗೆಯೆಲ್ಲ ತಣ್ಣನೆ ಬೆವರು. ಬೆರಳು ಚುಚ್ಚಿ ನೋಡಿದರೆ ಮೀಟರ್‌ನಲ್ಲಿ 58. 70ಕ್ಕಿಂತ ಕೆಳಗೆ ಹೋದರೆ ತಡ ಮಾಡುವ ಹಾಗಿಲ್ಲ.

"ಇವತ್ತು ಏಕಾದಶಿ ಕಣೇ" ಅಂದರು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 84. ನಡುಕ ನಿಂತಿತ್ತು.

ಗ್ಲಿಮೆಪಿರೈಡ್ ಮಾಡುವ ಕೆಲಸವೇ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವುದು. ಹೊಟ್ಟೆಗೆ ಏನೂ ಬೀಳದಿದ್ದರೂ ಅದು ಸುಮ್ನೆ ಇರಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗೆ ಲೋ ಆಗುವುದು ಅಪರೂಪ.

ಸಂಜೆ ಇನ್ನೊಂದು ತರಹ. ಹಸಿದಿದ್ದ ಜೀವ, ಪಾಪ. ಆಲೂಗಡ್ಡೆ ಹಾಕಿದ ಸಬ್ಬಕ್ಕಿ ಉಪ್ಪಿಟ್ಟು ತಟ್ಟೆ ತುಂಬ, ಮೇಲೆ ಗೊಜ್ಜವಲಕ್ಕಿ, ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು. ಎರಡು ಗಂಟೆ ಕಳೆದು ನೋಡಿದರೆ 291! ಆ ಹೊತ್ತಿಗೆ 180ರ ಒಳಗಿರಬೇಕು ಅಂತ ಡಾಕ್ಟರ್ ಹೇಳಿದ್ದರು. ಅನ್ನ ಉಂಡ ದಿನವೂ ಅಮ್ಮನಿಗೆ ಅಷ್ಟು ಏರಿದ್ದು ನಾನು ಕಂಡಿಲ್ಲ.

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಸಬ್ಬಕ್ಕಿ ಮಾಡುವುದು ಮರಗೆಣಸಿನ ಹಿಟ್ಟಿನಿಂದ. ಹೆಚ್ಚುಕಡಿಮೆ ಪೂರ್ತಿ ಪಿಷ್ಟ, ನಾರೂ ಇಲ್ಲ, ಪ್ರೋಟೀನೂ ಇಲ್ಲ. ಅವಲಕ್ಕಿ ಅಂದರೆ ಭತ್ತವೇ ಅಲ್ವಾ? ಬೆಲ್ಲ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ. ದಿನವಿಡೀ ಖಾಲಿ ಬಿಟ್ಟು ಇಷ್ಟನ್ನೂ ಒಂದೇ ಸಲ ಹಾಕಿದರೆ ದೇಹ ಹೇಗೆ ತಡೆದೀತು? ಉಪವಾಸದ ತಿಂಡಿ ಹಗುರ ಅನ್ನುವ ಭಾವನೆ ನಮ್ಮಲ್ಲಿ ಜಾಸ್ತಿ. ಅದನ್ನು ಬಿಡಲೇಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಮ್ಮನ ವ್ರತ ನಿಲ್ಲಿಸುವ ಮನಸ್ಸು ನನಗಿರಲಿಲ್ಲ. ಅದು ಅವರ ಬದುಕಿನ ಭಾಗ. ಡಾಕ್ಟರ್ ಹತ್ತಿರ ಇಬ್ಬರೂ ಹೋದೆವು. ಉಪವಾಸದ ದಿನ ಗ್ಲಿಮೆಪಿರೈಡ್ ಬೆಳಗ್ಗೆ ಬೇಡ, ಸಂಜೆಯ ಆಹಾರದ ಜೊತೆ ತಗೊಳ್ಳಿ ಅಂದರು. ಇದು ಅಮ್ಮನಿಗೆ ಹೇಳಿದ್ದು, ಎಲ್ಲರಿಗೂ ಒಂದೇ ಲೆಕ್ಕವಲ್ಲ. ನಿಮ್ಮ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ. ಇಡೀ ದಿನ ಖಾಲಿ ಹೊಟ್ಟೆ ಬೇಡ, 70ಕ್ಕಿಂತ ಇಳಿದರೆ ಉಪವಾಸ ಅಲ್ಲಿಗೇ ಮುರಿಯಬೇಕು ಅಂತಲೂ ಹೇಳಿದರು. ಅಮ್ಮ ಒಪ್ಪಿದರು.

ಈಗ ಮಧ್ಯಾಹ್ನ ಮಜ್ಜಿಗೆ, ಹುರಿದ ಶೇಂಗಾ, ಒಂದು ಸೀಬೆಹಣ್ಣು. ಸಂಜೆ ಮೊದಲು ಸೌತೆಕಾಯಿ, ಮೊಸರು. ಆಮೇಲೆ ಅವಲಕ್ಕಿ, ಒಂದು ಸಣ್ಣ ಬಟ್ಟಲು, ಶೇಂಗಾ ಜಾಸ್ತಿ ಹಾಕಿ. ಸಬ್ಬಕ್ಕಿ ತರುವುದನ್ನೇ ನಿಲ್ಲಿಸಿದ್ದೇವೆ. ತಿಂದಮೇಲೆ ಕಾಂಪೌಂಡಿನೊಳಗೇ ಹತ್ತು ಹದಿನೈದು ನಿಮಿಷ ನಡಿಗೆ. ಹೋದ ಏಕಾದಶಿ ರಾತ್ರಿ 162 ಬಂತು.

ವೈಕುಂಠ ಏಕಾದಶಿಗೆ ಜಾಗರಣೆಯೂ ಮಾಡಬೇಕು ಅಂತ ಅಮ್ಮ ಈಗಲೇ ಹೇಳುತ್ತಿದ್ದಾರೆ. ಮುಂದಿನ ಸಲ ತೋರಿಸಲು ಹೋದಾಗ ಅದನ್ನೂ ಕೇಳಬೇಕು.